ಖಾಲಿ ಗೋಡೌನಿನ ಹಾಡು

ಮೊದಲೇ ಹೇಳಿಬಿಡ್ತೀನಿ, ನನಗೆ ಸಂಗೀತದ ಗಂಧಗಾಳಿ ಇಲ್ಲ. ನಾನು ಹಾಸಿಗೆ ಹೊಲಿಯೋನು. ಅಂಗಡಿ ಅಕ್ಕನದ್ದು, ಕೈಕೆಲಸ ನನ್ನದು. ಮುಂದೆ ಅಂಗಡಿ, ನಡುವೆ ಹೊಲಿಗೆ ಮಿಷನ್ ಇರೋ ಕೋಣೆ, ಹಿಂದೆ ಗೋಡೌನು, ಮಹಡಿ ಮೇಲೆ ಮದುವೆಯಾಗದ ನಾನು. ಇಷ್ಟಿದ್ದೂ ನಾನು ಒಂದು ಬ್ಯಾಂಡಿನಲ್ಲಿದ್ದೆ. ಅದೂ ಮೂಲೆಯಲ್ಲಲ್ಲ, ವೇದಿಕೆಯ ಮುಂದೆ, ಹೂವಿನ ಅಂಗಿ ಹಾಕಿಕೊಂಡು! ನಗ್ತೀರಾ? ನಗಿ. ನಮ್ಮಕ್ಕ ಇವತ್ತಿಗೂ ನಗ್ತಾಳೆ.

ಬ್ಯಾಂಡು ಅಕ್ಕನ ಮಗಳದ್ದು. ಮನೆಯಲ್ಲಿ ಪುಟ್ಟಿ ಅಂತೀವಿ, ಕೆಲಸಕ್ಕೆ ಸೇರಿ ವರ್ಷಗಳಾದರೂ ಪುಟ್ಟಿನೇ. ಹಾಡು ಕಟ್ಟೋಳು ಅವಳು, ಹಾಡೋಳು ಅವಳು, ಗಿಟಾರೂ ಅವಳದ್ದೇ. ಡ್ರಮ್ಸ್ ಬಾರಿಸೋನು ಒಬ್ಬ ಹಲ್ಲಿನ ಡಾಕ್ಟರು. ಹಗಲು ಹಲ್ಲು ಕೀಳ್ತಾನೆ, ಸಂಜೆ ಡ್ರಮ್ಸ್ ಬಾರಿಸ್ತಾನೆ, ಎರಡಕ್ಕೂ ಅಕ್ಕಪಕ್ಕದವರು ಕಿವಿ ಮುಚ್ಚಿಕೊಳ್ತಾರೆ. ಬೇಸ್ ಗಿಟಾರ್ ನುಡಿಸೋಳು ಪುಟ್ಟಿಯ ಗೆಳತಿ, ಶಾಲೆಯಲ್ಲಿ ಲೆಕ್ಕ ಹೇಳಿಕೊಡ್ತಾಳೆ, ಅವಳನ್ನು ಎಲ್ಲರೂ ಟೀಚರ್ ಅಂತಲೇ ಕರೆಯೋದು. ನಮ್ಮ ಹಾಸಿಗೆ ಗೋಡೌನಿನಲ್ಲೇ ಇವರ ಪ್ರಾಕ್ಟೀಸು. ಮೊದಲ ದಿನ ಇವರು ಸಾಮಾನು ಜೋಡಿಸಿಕೊಳ್ತಿದ್ದಾಗ ಅಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟು, ‘ಹಾಸಿಗೆ ಇದ್ದಷ್ಟು ಕಾಲು ಚಾಚಿ, ಅಷ್ಟೇ ನಾನು ಹೇಳೋದು’ ಅಂದಳು. ಬ್ಯಾಂಡಿಗೆ ಹೆಸರು ಸಿಕ್ಕಿಬಿಡ್ತು: ‘ಹಾಸಿಗೆ ಇದ್ದಷ್ಟು’.

ನನ್ನ ಕೈಗೆ ಒಂದು ಟ್ಯಾಂಬೊರಿನ್ ಕೊಟ್ಟರು. ಬಳೆಯಂಥ ಚೌಕಟ್ಟು, ಸುತ್ತ ಪುಟ್ಟ ಪುಟ್ಟ ತಗಡಿನ ಬಿಲ್ಲೆ, ಅಲ್ಲಾಡಿಸಿದರೆ ಝಲ್ ಝಲ್. ಯಾರು ಬೇಕಾದರೂ ಬಾರಿಸಬಹುದು, ಅದಕ್ಕೇ ನನಗೆ ಕೊಟ್ಟಿದ್ದು. ಆದರೆ ಮೊದಲನೇ ಕಾರ್ಯಕ್ರಮದಲ್ಲಿ ಜನ ಕಲ್ಲಿನ ಹಾಗೆ ಕೂತುಬಿಟ್ಟರು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ನಮ್ಮ ಹುಡುಗಿ ಗಂಟಲು ಹರಿದುಕೊಂಡು ಹಾಡ್ತಿದ್ದಾಳೆ, ಇವರು ಬಸ್ಸಿಗೆ ಕಾಯೋರ ಥರ ಕೂತಿದ್ದಾರಲ್ಲ! ಟ್ಯಾಂಬೊರಿನ್ ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಮೇಲಕ್ಕೆತ್ತಿ, ‘ಚಪ್ಪಾಳೆ ಹೊಡೀರಿ, ಕೈಗೆ ಲಕ್ವ ಹೊಡೆದಿದೆಯಾ?’ ಅಂತ ಗದರಿಸಿಬಿಟ್ಟೆ. ಜನ ಬೆಚ್ಚಿಬಿದ್ದರು, ಆಮೇಲೆ ನಕ್ಕರು, ಆಮೇಲೆ ಹೊಡೆದರು ನೋಡಿ, ಮಾಡು ಹಾರಿಹೋಗೋ ಹಾಗೆ! ಅವತ್ತಿನಿಂದ ಅದೇ ನನ್ನ ಕೆಲಸವಾಯ್ತು. ನಾನು ಕೈ ಎತ್ತಿದರೆ ಹಾಲ್‌ಗೆ ಹಾಲೇ ಕೈ ಎತ್ತುತ್ತೆ, ನಾನು ಹೊಡೆದರೆ ಹೊಡೆಯುತ್ತೆ. ಎಲ್ಲಿ ಹೋದರೂ ಜನ ‘ಮಾಮ, ಮಾಮ’ ಅಂತ ಕೂಗೋರು. ಪುಟ್ಟಿ ಕರೆಯೋದು ಕೇಳಿ ಕೇಳಿ ಊರಿಗೆಲ್ಲ ನಾನು ಮಾಮ ಆಗಿಬಿಟ್ಟಿದ್ದೆ. ಹೊಟ್ಟೆಗೆ ಹಾಲು ಹೊಯ್ದಷ್ಟು ಸುಖ. ಸುಳ್ಳು ಯಾಕೆ ಹೇಳಲಿ, ಹಗಲೆಲ್ಲ ಹಾಸಿಗೆಯ ಅಂಚು ಹೊಲಿಯೋ ಮನುಷ್ಯನಿಗೆ ಇನ್ನೇನು ಬೇಕು?

ಆಗಿನ ನಮ್ಮ ಹಾಡುಗಳೆಲ್ಲ ಚಟಪಟ. ಶುರುವಾಗೋದರೊಳಗೆ ಮುಗಿಯೋವು. ಪತ್ರಿಕೆಯವರು ‘ಇವರ ಶೈಲಿಯೇ ಚುರುಕು’ ಅಂತ ಬರೆದರು. ಶೈಲಿಯೂ ಇಲ್ಲ, ಮಣ್ಣೂ ಇಲ್ಲ. ಹಾಸಿಗೆ ತುಂಬಿದ ಗೋಡೌನಿನಲ್ಲಿ ದನಿ ನಿಲ್ಲಲ್ಲ. ತಂತಿ ಮೀಟಿದರೆ ಆ ದನಿ ಎರಡು ಹೆಜ್ಜೆ ಇಡೋದರೊಳಗೆ ಹತ್ತಿ ನುಂಗಿಬಿಡುತ್ತೆ. ಒಂದು ಸ್ವರ ಸತ್ತ ಜಾಗಕ್ಕೆ ಇನ್ನೊಂದನ್ನು ತಂದು ಹಾಕಲೇಬೇಕು, ಇಲ್ಲದಿದ್ದರೆ ಹಾಡು ಬಾಯಿ ಕಳೆದುಕೊಂಡು ನಿಂತುಬಿಡುತ್ತೆ. ಹಾಗಾಗಿ ಅವರು ಓಡ್ತಿದ್ದರು, ನಾನು ಝಲ್ ಝಲ್ ಅಂತ ಹಿಂದೆ ಅಟ್ಟಿಸಿಕೊಂಡು ಹೋಗ್ತಿದ್ದೆ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ.

ಒಂದು ದಿನ ಯಾವುದೋ ಹಾಸ್ಟೆಲ್ಲಿನವರು ಬಂದು ಇದ್ದಬದ್ದ ಹಾಸಿಗೆಯನ್ನೆಲ್ಲ ಒಟ್ಟಿಗೆ ಕೊಂಡುಕೊಂಡು ಹೋದರು. ಬೆಳಗ್ಗೆ ತುಂಬಿದ್ದ ಗೋಡೌನು ಸಂಜೆ ಹೊತ್ತಿಗೆ ಖಾಲಿ. ಗೋಡೆಗೆ ಅಂಟಿದ್ದ ಜೇಡರ ಬಲೆಯೂ ಕಾಣೋ ಹಾಗೆ ಖಾಲಿ. ಪ್ರಾಕ್ಟೀಸಿಗೆ ಬಂದ ಪುಟ್ಟಿ ಗಿಟಾರ್ ಶ್ರುತಿ ಸರಿ ಇದೆಯಾ ನೋಡೋಣ ಅಂತ ಒಂದು ಸಲ ತಂತಿಗಳ ಮೇಲೆ ಕೈ ಎಳೆದಳು.

ಆ ದನಿ ಹಿಂದಿನ ಗೋಡೆಗೆ ಹೋಯ್ತು, ತಿರುಗಿ ಬಂತು, ಮೇಲೆ ತಗಡಿನ ಮಾಡಿಗೆ ಏರಿತು, ಅಲ್ಲೇ ನಿಂತಿತು. ಡಾಕ್ಟರು ‘ಒನ್, ಟೂ’ ಅಂತ ಶುರು ಮಾಡೋಕೆ ಕೋಲೆತ್ತಿದ್ದ. ಪುಟ್ಟಿ ‘ಶ್’ ಅಂದಳು. ದನಿ ಪೂರ್ತಿ ಆರೋವರೆಗೆ ಕಾದಳು. ಮತ್ತೊಂದು ಸಲ ಎಳೆದಳು. ಅಲ್ಲೇ ಸಿಮೆಂಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಳು.

‘ಇದು ಇಷ್ಟು ದಿನ ಎಲ್ಲಿತ್ತು ಮಾಮ?’

‘ನಿಮ್ಮಮ್ಮನ ಹಾಸಿಗೆ ಒಳಗೆ’ ಅಂದೆ ನಾನು. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು.

ಮಾರನೇ ದಿನ ಟೀಚರ್ ಮೊಬೈಲಿನಲ್ಲಿ ಏನೇನೋ ಹಾಡು ಹಾಕಿಕೊಂಡು ಬಂದಳು. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಹುಡುಗರು ಗಿಟಾರ್ ಹಿಡಕೊಂಡು ಹಾಡಿದ್ದಂತೆ, ಬ್ರಿಟ್‌ಪಾಪ್ ಅಂತಾರಂತೆ. ಅದರಲ್ಲೂ ಇವಳು ಹುಡುಕಿ ತಂದದ್ದು ನಿಧಾನದವು, ಮಂಜಿನೊಳಗೆ ನಿಂತು ಹಾಡಿದಂಥವು. ನಾನು ಸ್ವಲ್ಪ ಕೇಳಿ, ‘ಏನಮ್ಮ, ಇವರಿಗೆಲ್ಲ ನಿದ್ದೆ ಬಂದಿದೆಯಾ?’ ಅಂದೆ.

‘ನಿದ್ದೆ ಅಲ್ಲ ಮಾಮ, ಕನಸು.’

‘ನಾನು ಹಾಸಿಗೆಯೋನು ತಾಯಿ. ನಿದ್ದೆ ಇಲ್ಲದೆ ಕನಸು ಹೇಗೆ ಬರುತ್ತೆ ಹೇಳು?’

ಮಾತಿಗೆ ಹಾಗಂದೆ. ಆದರೆ ಆ ವಾರ ನಾನು ಪಕ್ಕದ ಕೋಣೆಯಲ್ಲಿ ದಿಂಬಿನ ಚೀಲ ಹೊಲೀತಾ ಇದ್ದೆ, ಗೋಡೆಯ ಆಚೆ ಪುಟ್ಟಿ ಹೊಸ ಹಾಡು ಕಟ್ತಿದ್ದಳು. ಒಬ್ಬಳು ಬಸ್ಸಿನಲ್ಲಿ ಕೂತಿದ್ದಾಳೆ, ಇಳಿಯೋ ಸ್ಟಾಪು ಬಂತು, ಅವಳು ಏಳಲಿಲ್ಲ. ಅಷ್ಟೇ ಕತೆ. ‘ನನ್ನ ಸ್ಟಾಪು ದಾಟಿ ಹೋಯ್ತು, ಹೋಗಲಿ ಬಿಡು, ಕಿಟಕಿ ಇದೆ’ ಅಂತ ಹಾಡ್ತಾಳೆ. ಮುಂಚೆ ಕೂಗಿ ಕೂಗಿ ಹೇಳ್ತಿದ್ದ ಹುಡುಗಿ ಈಗ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹಾಡ್ತಿದ್ದಳು. ಒಂದು ಸಾಲು ಹಾಡಿ ಬಿಟ್ಟುಬಿಡೋಳು, ಗೋಡೌನು ಅದನ್ನು ಎತ್ತಿಕೊಂಡು ಓಡಾಡೋದು, ಅದು ತಿರುಗಿ ಬಂದ ಮೇಲೆ ಇನ್ನೊಂದು ಸಾಲು. ಆಮೇಲೆ ಪಲ್ಲವಿ ಬಂದಾಗ ಮೂರು ಜನರೂ ಒಟ್ಟಿಗೆ ದನಿ ಎತ್ತೋರು. ಅಬ್ಬಬ್ಬಾ! ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯ್ತು. ಸೂಜಿ ಬಟ್ಟೆಯೊಳಗೇ ಇತ್ತು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಅಕ್ಕ ಬಂದು ‘ಮಿಷನ್ ಕೆಟ್ಟಿತೇನೋ?’ ಅಂದಾಗಲೇ ಎಚ್ಚರ. ನಮ್ಮ ಮನೆಯಲ್ಲಿ, ಫೋಮು ಹತ್ತಿ ಮುಟ್ಟಿ ಬೆಳೆದ ಮಗು ಇಂಥದ್ದೊಂದನ್ನು ಮಾಡಿದಳಲ್ಲ ಅಂತ ಎದೆ ತುಂಬಿಬಂತು.

ಹಾಡು ತಯಾರಾಯ್ತು, ನಾನೂ ಟ್ಯಾಂಬೊರಿನ್ ಹಿಡಿದು ಹೋದೆ. ಪಲ್ಲವಿ ಬಂತು, ಝಲ್ ಅಂತ ಅಲ್ಲಾಡಿಸಿದೆ. ಅಯ್ಯೋ ದೇವರೇ! ಖಾಲಿ ಗೋಡೌನಿನಲ್ಲಿ ಸ್ಟೀಲ್ ಪಾತ್ರೆಯ ಕಪಾಟು ಬಿದ್ದ ಹಾಗಾಯ್ತು. ಪುಟ್ಟಿಯ ದನಿಗೆ ತಿರುಗಿ ಬರೋಕೆ ದಾರಿ ಕೊಟ್ಟ ಗೋಡೆ ನನ್ನ ಝಲ್‌ಗೂ ಕೊಡಬೇಕಲ್ಲ, ನ್ಯಾಯ! ಮೆಲ್ಲಗೆ ಬಾರಿಸಿದೆ, ಬಟ್ಟೆ ಸುತ್ತಿ ಬಾರಿಸಿದೆ, ಬಾಗಿಲ ಹೊರಗೆ ನಿಂತು ಬಾರಿಸಿದೆ. ಆಗಲಿಲ್ಲ. ಪುಟ್ಟಿ ಕಾಲ ಹೆಬ್ಬೆರಳು ನೋಡ್ತಾ ನಿಂತಿದ್ದಳು. ಟೀಚರ್ ತಂತಿ ಒರೆಸ್ತಿದ್ದಳು. ಕೊನೆಗೆ ಡಾಕ್ಟರೇ ಬಾಯಿಬಿಟ್ಟ.

‘ಮಾಮ, ಬೇಜಾರು ಮಾಡಿಕೋಬೇಡಿ. ಈ ಹೊಸ ಹಾಡುಗಳಿಗೆ ಇದು ಬೇಕಾಗಲ್ಲ ಅನ್ಸುತ್ತೆ. ಚಪ್ಪಾಳೆನೂ...’

‘ಚಪ್ಪಾಳೆನೂ ಬೇಡ, ಅಲ್ವಾ? ಹೇಳಪ್ಪ, ಹೇಳು! ಊಟಕ್ಕಿಲ್ಲದ ಉಪ್ಪಿನಕಾಯಿ ಆದೆ ನಾನು!’ ಅಂದೆ. ‘ಹಲ್ಲು ಕೀಳೋನಿಗೆ ಮನುಷ್ಯರನ್ನು ಕೀಳೋದು ಯಾವ ಲೆಕ್ಕ?’ ಅಂತಾನೂ ಅಂದುಬಿಟ್ಟೆ. ಬಾಗಿಲು ದಢಾರ್ ಅಂತ ಎಳೆದುಕೊಂಡು ಬಂದೆ. ಆ ದಢಾರ್ ಕೂಡ ಒಳಗೆ ಎಷ್ಟೋ ಹೊತ್ತು ಗುಂಯ್‌ಗುಟ್ಟಿತು, ಹಾಳಾದ್ದು.

ಮೇಲೆ ಹೋಗಿ ಮಲಗಿದೆ. ಹೊರಳಾಡಿದೆ. ಹೂವಿನ ಅಂಗಿ ಗೂಟದಲ್ಲಿ ನೇತಾಡ್ತಿತ್ತು, ಅದನ್ನು ನೋಡೋಕೂ ಆಗಲಿಲ್ಲ. ಇನ್ನು ಯಾರು ನನ್ನನ್ನು ಮಾಮ ಅಂತ ಕೂಗ್ತಾರೆ? ಹಾಸಿಗೆ ಕೊಳ್ಳೋಕೆ ಬಂದೋರು ‘ಇಲ್ನೋಡಪ್ಪ’ ಅಂತ ಕರೀತಾರೆ, ಅಷ್ಟೇ. ಹಾಡು ಮಾತ್ರ ತಲೆಯೊಳಗೆ ಓಡ್ತಾನೇ ಇತ್ತು. ನನ್ನನ್ನು ಹೊರಗೆ ಹಾಕಿದ ಹಾಡನ್ನೇ ನಾನು ಗುನುಗ್ತಾ ಮಲಗಿದ್ದೆ, ಇದಕ್ಕಿಂತ ಮಾನಗೇಡಿತನ ಉಂಟೇ?

ಬೆಳಗ್ಗೆ ಅಂಗಡಿಗೆ ಇಳಿದರೆ ಅಕ್ಕ ಟೀ ಲೋಟ ಮುಂದಿಟ್ಟು, ‘ಎಲ್ಲ ಗೊತ್ತಾಯ್ತು. ನೀನೇನೂ ತಲೆ ಕೆಡಿಸಿಕೋಬೇಡ’ ಅಂದಳು. ‘ಮಧ್ಯಾಹ್ನ ಹೊಸ ಮಾಲಿನ ಲಾರಿ ಬರುತ್ತೆ. ಗೋಡೌನು ತುಂಬಿಸ್ತೀನಿ. ಆಗ ಅದೇನು ಕನಸು ಕಾಣ್ತಾರೋ ನಾನೂ ನೋಡ್ತೀನಿ. ಹಳೇ ಹಾಡೇ ಗತಿ. ನಿನ್ನ ಜಾಗ ನಿನಗೆ.’

ಒಳ್ಳೇ ಮಾತೇ ಅಲ್ವಾ? ನಾನು ಮಾಡಬೇಕಾದ್ದು ಏನೂ ಇರಲಿಲ್ಲ, ಟೀ ಕುಡಿದು ಸುಮ್ಮನಿದ್ದರೆ ಸಾಕು. ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

‘ಬೇಡಕ್ಕ’ ಅಂದೆ.

‘ಏನು ಬೇಡ?’

‘ಗೋಡೌನು ಖಾಲಿ ಇರಲಿ. ಅವರ ಮುಂದಿನ ಕಾರ್ಯಕ್ರಮ ಮುಗಿಯೋವರೆಗಾದರೂ ಇರಲಿ.’

‘ಲಾರಿ ಮಾಲನ್ನು ಎಲ್ಲಿಡಲೋ, ನಿನ್ನ ತಲೆ ಮೇಲಾ?’

‘ನನ್ನ ಮನೇಲಿಡು.’

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಲೋ, ನಿನಗೆ ಅಲ್ಲಿ ಕೆಲಸ ಇಲ್ಲ ಅಂದಿದ್ದಾರಲ್ಲೋ’ ಅಂದಳು, ದನಿ ತಗ್ಗಿಸಿ.

‘ಗೊತ್ತು ಕಣೆ. ನೀನು ಆ ಹಾಡು ಕೇಳಿದ್ದೀಯಾ? ಕೇಳಿದ ಮೇಲೆ ಅದರ ಮೇಲೆ ಹಾಸಿಗೆ ಹೊದಿಸೋಕೆ ನಿನ್ನ ಕೈಲಾಗುತ್ತಾ? ನನ್ನ ಕೈಲಿ ಆಗಲ್ಲ.’ ಉಳಿದ ಟೀ ಒಂದೇ ಗುಟುಕಿಗೆ ಕುಡಿದು ಎದ್ದೆ.

ಲಾರಿ ಬಂತು. ಒಂದೊಂದೇ ಹಾಸಿಗೆ ತಲೆ ಮೇಲೆ ಹೊತ್ತು ಮಹಡಿ ಮೆಟ್ಟಿಲು ಹತ್ತಿಸಿದೆ. ಕೋಣೆ ತುಂಬಿತು, ಅಡುಗೆಮನೆ ತುಂಬಿತು, ಕಿಟಕಿ ಮುಚ್ಚಿತು, ಟಿವಿ ಎಲ್ಲಿದೆ ಅಂತ ಹುಡುಕಬೇಕಾಯ್ತು. ನಡುವೆ ಭಾರ ಇದ್ದಕ್ಕಿದ್ದ ಹಾಗೆ ಹಗುರವಾಯ್ತು. ತಿರುಗಿ ನೋಡಿದರೆ ಪುಟ್ಟಿ ಹಿಂದಿನ ತುದಿ ಹಿಡಿದುಕೊಂಡಿದ್ದಳು.

‘ಬೇಜಾರಾ ಮಾಮ?’

‘ಹೂಂ, ಬೇಜಾರೇ. ಎತ್ತು.’

ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಅವಳೇ ಅಂದಳು: ‘ನಿನಗೊಂದು ಜಾಗ ಹುಡುಕ್ತಾನೇ ಇದ್ದೀನಿ. ಎಲ್ಲೂ ಸಿಗ್ತಿಲ್ಲ. ನೀನು ಬೇಕೇ ಬೇಕು ಅಂದರೆ ಹಾಡನ್ನೇ ಬದಲಾಯಿಸ್ತೀನಿ.’

ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು, ಹುಚ್ಚು ಹುಡುಗಿ. ‘ಮುಟ್ಟಿದರೆ ನೋಡು! ಕಾಲು ಮುರೀತೀನಿ’ ಅಂದೆ. ‘ನನ್ನ ಸಲುವಾಗಿ ಹಾಡಿಗೆ ತೇಪೆ ಹಾಕಬೇಡ. ಬೇಜಾರು ನನ್ನದು, ನಾನು ನೋಡಿಕೊಳ್ತೀನಿ.’

ಕಾರ್ಯಕ್ರಮದ ಸಂಜೆ ಬಂತು. ಎತ್ತರದ ಮಾಡಿನ ಹಳೇ ಹಾಲ್, ಒಳಗೆ ಕಾಲಿಡೋಕೆ ಜಾಗ ಇಲ್ಲ. ನಾನು ಸಾದಾ ಅಂಗಿ ಹಾಕಿಕೊಂಡು, ಹಿಂದಿನ ಗೋಡೆಗೆ ಒರಗಿ ನಿಂತೆ. ನನ್ನನ್ನು ಯಾರೂ ಗುರುತು ಹಿಡಿಯಲಿಲ್ಲ, ನೋಡಿ. ಹೂವಿನ ಅಂಗಿ ತೆಗೆದರೆ ನಾನು ಯಾರೋ. ದೀಪ ಆರಿತು, ನಮ್ಮವರು ಮೂವರೇ ಬಂದು ನಿಂತರು. ‘ಮಾಮ ಎಲ್ಲಿ?’ ಅಂತ ಒಬ್ಬ ಕೂಗಿದ. ‘ಮಾಮ! ಮಾಮ!’ ಅಂತ ಹತ್ತು ಜನ ಸೇರಿಸಿದರು. ಪುಟ್ಟಿ ಗಿಟಾರ್ ಮೀಟಿದಳು.

ನಿಜ ಹೇಳ್ತೀನಿ, ಅಷ್ಟು ವರ್ಷ ವೇದಿಕೆ ಮೇಲೆ ಕುಣಿದವನು ನಾನು, ನಮ್ಮ ಬ್ಯಾಂಡನ್ನು ಒಂದು ದಿನವೂ ಎದುರು ನಿಂತು ಕೇಳಿರಲಿಲ್ಲ. ಮೇಲೆ ನಿಂತವನಿಗೆ ಪಕ್ಕದ ಡ್ರಮ್ಸು ಮತ್ತೆ ತನ್ನದೇ ಝಲ್ ಝಲ್ ಬಿಟ್ಟು ಏನೂ ಕೇಳಲ್ಲ. ಕೆಳಗೆ ಆ ಹಾಡು ಹಾಲ್ ತುಂಬ ನಿಧಾನವಾಗಿ ಹರಡಿಕೊಂಡಿತು. ಗಿಟಾರ್ ಒಂದು ಕಡೆಯಿಂದ ಬರ್ತಿತ್ತು, ಪುಟ್ಟಿಯ ದನಿ ಎಲ್ಲ ಕಡೆಯಿಂದ. ಇದು ನಮ್ಮ ಪುಟ್ಟಿಯೇ? ಚಳಿಗಾಲದಲ್ಲಿ ಫೋಮಿನ ಚೂರುಗಳೊಳಗೆ ಹೂತುಕೊಂಡು ನಿದ್ದೆ ಮಾಡ್ತಿದ್ದ ಪುಟ್ಟಿ?

ಅಷ್ಟರಲ್ಲಿ ಚಪ್ಪಾಳೆ ಶುರುವಾಯ್ತು.

ಮೊದಲು ಎಡಗಡೆ ನಾಲ್ಕು ಜನ. ಆಮೇಲೆ ಮುಂದಿನ ಸಾಲು. ನಾನು ಹೇಳಿಕೊಟ್ಟಿದ್ದೇ ತಾಳ, ನಾನು ಹೇಳಿಕೊಟ್ಟಿದ್ದೇ ಜೋರು. ಮಾಮ ಇಲ್ಲದಿದ್ದರೇನು, ಮಾಮನ ಕೆಲಸ ನಾವೇ ಮಾಡ್ತೀವಿ ಅಂತ ಹೊರಟುಬಿಟ್ಟರು! ಒಂದು ಗಳಿಗೆ ಜಂಬ ಬಂತು, ಸುಳ್ಳಲ್ಲ. ನನ್ನ ಶಿಷ್ಯರು! ಮರುಗಳಿಗೆಗೆ ಜಂಬ ಇಳಿದುಹೋಯ್ತು. ಚಪ್ಪಾಳೆ ಓಡ್ತಿತ್ತು, ಡಾಕ್ಟರು ಅದರ ಹಿಂದೆ ಓಡ್ತಿದ್ದ, ಹಾಡು ದರದರ ಎಳೆದಾಡಿಸಿಕೊಂಡು ಹೋಗ್ತಿತ್ತು. ಸಾಲು ತಿರುಗಿ ಬರೋದಕ್ಕೆ ಜಾಗವೇ ಇಲ್ಲ. ಪುಟ್ಟಿ ಒಂದು ಸಾಲು ನುಂಗಿದಳು, ಇನ್ನೊಂದು ತಪ್ಪಿದಳು. ಬೆಳಕಿನಲ್ಲಿ ಅವಳ ಮುಖ ಬಿಳಚಿಕೊಂಡಿದ್ದು ಅಷ್ಟು ದೂರಕ್ಕೂ ಕಾಣಿಸ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ, ಆದರೆ ಮಾಡಿದ್ದು ನಾನು, ಉಣ್ತಿರೋಳು ಆ ಮಗು.

ಪಕ್ಕದಲ್ಲಿ ಮೈಮರೆತು ಹೊಡೀತಿದ್ದ ಒಬ್ಬನ ಕೈ ಹಿಡಿದುಕೊಂಡೆ. ‘ಹೊಡೀಬೇಡಪ್ಪ, ಸ್ವಲ್ಪ ಕೇಳು.’

‘ನಿಮಗೆ ಗೊತ್ತಿಲ್ಲ ಅಂಕಲ್, ಇವರ ಹಾಡಿಗೆ ಹೀಗೇ ಹೊಡೀಬೇಕು. ಮಾಮನ ಆರ್ಡರು!’

‘ಮಾಮನ ತಲೆ!’ ಅಂದವನೇ ಜನರ ನಡುವೆ ನುಗ್ಗಿದೆ. ಯಾರದೋ ಕಾಲು ತುಳಿದೆ, ಯಾರೋ ಬೈದರು, ಯಾರೋ ನನ್ನ ಮುಖ ನೋಡಿ ‘ಏ, ಮಾಮ ಕಣ್ರೋ!’ ಅಂದರು. ದಾರಿ ಬಿಟ್ಟುಕೊಟ್ಟರು. ಪಕ್ಕದ ಮೆಟ್ಟಿಲಿನಿಂದ ವೇದಿಕೆ ಹತ್ತಿದೆ. ಹಾಲ್‌ಗೆ ಹಾಲೇ ಹುಚ್ಚೆದ್ದು ಕೂಗಿತು. ಪುಟ್ಟಿ ನನ್ನ ಕಡೆ ನೋಡಿದಳು. ಆ ನೋಟ ನಾನು ಮರೆಯಲ್ಲ, ಇನ್ನು ಹಾಡು ಮುಗೀತು ಅಂತಲೇ ಅವಳು ತಿಳಿದುಕೊಂಡಿದ್ದಳು.

ನಾನು ಎರಡೂ ಕೈ ಮೇಲೆತ್ತಿದೆ.

ಹಾಲ್‌ನಲ್ಲಿದ್ದ ಕೈಗಳೆಲ್ಲ ಮೇಲೆದ್ದವು. ಚಪ್ಪಾಳೆ ನಿಂತಿತು. ಎಲ್ಲರೂ ನನ್ನ ಕೈ ಯಾವಾಗ ಕೂಡುತ್ತೆ ಅಂತ ಕಾದರು. ನಾನು ಕೂಡಿಸಲಿಲ್ಲ. ಅಗಲಿಸಿ ಹಿಡಿದೇ ಇದ್ದೆ. ಅವರೂ ಹಿಡಿದೇ ಇದ್ದರು. ಯಾರೋ ಒಬ್ಬ ತಡೆಯಲಾರದೆ ಒಂದು ಹೊಡೆದ, ನಾನು ಕೆಕ್ಕರಿಸಿ ನೋಡಿದೆ, ಪಾಪ, ಕೈ ಮತ್ತೆ ಮೇಲೆತ್ತಿದ. ಆ ಸದ್ದಿಲ್ಲದ ಜಾಗಕ್ಕೆ ಪುಟ್ಟಿಯ ಗಿಟಾರ್ ಮೆಲ್ಲಗೆ ತಿರುಗಿ ಬಂತು. ಡಾಕ್ಟರು ಉಸಿರು ಎಳೆದುಕೊಂಡು ತಾಳವನ್ನು ಮತ್ತೆ ಅದರ ನಡಿಗೆಗೆ ಇಳಿಸಿದ. ಟೀಚರ್ ಜೊತೆಗೂಡಿದಳು. ‘ನನ್ನ ಸ್ಟಾಪು ದಾಟಿ ಹೋಯ್ತು, ಹೋಗಲಿ ಬಿಡು’ ಅಂತ ಪುಟ್ಟಿ ಮೊದಲಿನಿಂದ ಶುರು ಮಾಡಿದಳು, ಈ ಸಲ ಒಂದೊಂದು ಸಾಲಿಗೂ ತಿರುಗಿ ಬರೋಕೆ ಪುರುಸೊತ್ತು ಕೊಟ್ಟು.

ಹಾಡು ಉದ್ದ. ಭುಜ ನೋಯೋಕೆ ಶುರುವಾಯ್ತು, ಬೆರಳು ಜೋಮು ಹಿಡೀತು. ಇಳಿಸಿದರೆ ಎಲ್ಲರೂ ಹೊಡೀತಾರೆ, ಇಳಿಸೋ ಹಾಗಿಲ್ಲ. ಅಷ್ಟು ಹೊತ್ತಿಗೆ ಕೆಳಗಿನವರು ನನ್ನನ್ನು ನೋಡೋದು ಬಿಟ್ಟಿದ್ದರು. ಕೈ ಮೇಲೇ ಇತ್ತು, ಕಣ್ಣು ಪುಟ್ಟಿಯ ಮೇಲಿತ್ತು. ಒಬ್ಬೊಬ್ಬರಾಗಿ ಕೈ ಇಳಿಸಿದರು, ಹೊಡೆಯೋಕಲ್ಲ, ಮರೆತು. ನಾನೊಬ್ಬನೇ ಕೈ ಎತ್ತಿಕೊಂಡು ಉಳಿದೆ. ಕೊನೇ ಸ್ವರ ಮೇಲೆ ಏರಿ, ಮಾಡಿಗೆ ತಾಗಿ, ಅಲ್ಲೇ ಕರಗ್ತಾ ಹೋಯ್ತು. ಹಾಲ್‌ನಲ್ಲಿ ಉಸಿರಿನ ಸದ್ದೂ ಇಲ್ಲ. ಅದು ಪೂರ್ತಿ ಆರಿದ ಮೇಲೆ ಶುರುವಾದ ಚಪ್ಪಾಳೆ ಇದೆಯಲ್ಲ, ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಪುಟ್ಟಿ ಬಂದು ನನ್ನ ಕೈ ಎರಡನ್ನೂ ತಾನೇ ಹಿಡಿದು ಇಳಿಸಿದಳು. ಅಳ್ತಾ ನಗ್ತಿದ್ದಳು. ‘ಇಲ್ಲೇ ಇರು ಮಾಮ’ ಅಂದಳು. ‘ಉಳಿದ ಹಾಡುಗಳಿಗೂ ಹೀಗೇ ನಿಂತುಕೋ. ನಿನ್ನ ಜಾಗ ಸಿಕ್ತು.’

ಎಷ್ಟು ದಿನದಿಂದ ಆ ಮಾತಿಗೆ ಕಾದಿದ್ದೆ! ಕೆಳಗೆ ಮತ್ತೆ ‘ಮಾಮ, ಮಾಮ’ ಅಂತ ಕೂಗ್ತಿದ್ದರು. ಡಾಕ್ಟರು ಕೋಲೆತ್ತಿ ನಗ್ತಿದ್ದ. ನಾನು ಪುಟ್ಟಿಯ ತಲೆ ಸವರಿ, ಮೆಟ್ಟಿಲಿನ ಕಡೆ ಹೊರಟೆ.

‘ಎಲ್ಲಿಗೆ ಮಾಮ?’

‘ಕೆಳಗೆ. ಇಲ್ಲಿ ನಿಂತರೆ ಸರಿಯಾಗಿ ಕೇಳಲ್ಲ ಕಣೆ.’